ಪುಣೆಯಲ್ಲಿ ಉಣ್ಣಲು ಕಲಿತದ್ದು

ದೌಂಡ

ಪುಣೆಗೆ ನಾನು ಊರು ನೋಡಲು ಹೋದವನಲ್ಲ. ನನ್ನ ಎರಡು ಕಿಡ್ನಿಗಳಲ್ಲಿ ಒಂದನ್ನು ಅಕ್ಕನಿಗೆ ಕೊಟ್ಟು ಬರಲು ಹೋದವನು. ಹಾಗೆಂದು ರೈಲಿನಲ್ಲಿ ಮುಖ ಬಾಡಿಸಿಕೊಂಡು ಕೂತಿದ್ದೆನೆಂದು ತಿಳಿಯಬೇಡಿ. ವಿಜಯಪುರ ಬಿಟ್ಟಾಗಿನಿಂದ ಬಾಯಿ ಆಡಿಸುತ್ತಲೇ ಇದ್ದೆ. ಹೆಂಡತಿ ಕಟ್ಟಿಕೊಟ್ಟಿದ್ದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ ಸೊಲ್ಲಾಪುರ ದಾಟುವಷ್ಟರಲ್ಲಿ ಮುಗಿದಿದ್ದವು. ದೌಂಡಿನಲ್ಲಿ ಗಾಡಿ ತಾಸುಗಟ್ಟಲೆ ನಿಂತಿತು. ಕಿಟಕಿಯ ಹೊರಗೆ ವಡಾಪಾವ್ ಮಾರುವವನು ಹತ್ತು ಸಲ ಓಡಾಡಿದ. ಅವನು ಬಂದಾಗಲೆಲ್ಲ ಬೇಡ ಅನ್ನುವುದು ಸೌಜನ್ಯವಲ್ಲ ಎಂದು ಮೂರು ಸಲ ಬೇಕು ಅಂದೆ.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಜೊತೆಗೆ ನಮ್ಮೂರಿನ ವಾರಪತ್ರಿಕೆಯೊಂದಕ್ಕೆ ಒಂಬತ್ತು ವರ್ಷಗಳಿಂದ ಊಟದ ಬಗ್ಗೆ ಬರೆಯುತ್ತಿದ್ದೇನೆ. ಯಾವ ಖಾನಾವಳಿಯ ಝುಣಕ ಹೇಗೆ, ಯಾವ ಊರಿನ ಮಂಡಿಗೆ ಯಾಕೆ ಹಾಗೆ ತೆಳ್ಳಗೆ ಎಂಬುದನ್ನೆಲ್ಲ ಕೇಳಲು ಜನ ಮನೆಗೆ ಫೋನ್ ಮಾಡುತ್ತಾರೆ. ಊಟದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದೆ. ಬೇಸಿಗೆ ರಜೆ ಎರಡು ತಿಂಗಳಿತ್ತು. ಮೊದಲ ವಾರ ಪರೀಕ್ಷೆ, ಎರಡನೇ ವಾರ ಶಸ್ತ್ರಚಿಕಿತ್ಸೆ, ಉಳಿದದ್ದು ವಿಶ್ರಾಂತಿ ಎಂದು ಲೆಕ್ಕ ಹಾಕಿದ್ದೆ. ಚೀಲದಲ್ಲಿ ಅಕ್ಕನಿಗೆಂದು ಅಮೀನಗಡದ ಕರದಂಟಿನ ಎರಡು ಪೆಟ್ಟಿಗೆ, ಇಪ್ಪತ್ತು ಶೇಂಗಾ ಹೋಳಿಗೆ ಇದ್ದವು.

ಎದುರು ಸೀಟಿನಲ್ಲಿ ಒಬ್ಬ ಮುದುಕರು ಕೂತಿದ್ದರು. ಒಣಗಿದ ಜಾಲಿಯ ಕಟ್ಟಿಗೆಯಂಥ ದೇಹ. ಒಂದು ಜೋಳದ ಭಾಕರಿಯನ್ನು ಅರ್ಧ ತಾಸು ಉಂಡರು. ನನ್ನ ಮೂರನೇ ವಡಾಪಾವ್ ಬಂದಾಗ ಅವರು ನನ್ನ ಹೊಟ್ಟೆಯ ಕಡೆಗೊಮ್ಮೆ, ಕಿಟಕಿಯ ಕಡೆಗೊಮ್ಮೆ ನೋಡಿದರು.

ಧಾಯರಿ

ಅಕ್ಕ ಕಸ್ತೂರಿ ನನಗಿಂತ ಎಂಟು ವರ್ಷ ದೊಡ್ಡವಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಪುಣೆಗೆ ಬಂದವಳು. ಅವಳ ಗಂಡ, ನಮ್ಮ ಮಾಮಾ ಮಲ್ಲಿನಾಥ, ಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ ಮೂವತ್ತೈದು ವರ್ಷಗಳಿಂದ ಕೆಲಸದಲ್ಲಿದ್ದಾರೆ. ಒಬ್ಬಳೇ ಮಗಳು ಶ್ರದ್ಧಾ, ಹಿಂಜವಾಡಿಯ ಕಂಪನಿಯಲ್ಲಿದ್ದಾಳೆ. ಮನೆ ಧಾಯರಿಯಲ್ಲಿ, ಮೂರನೇ ಮಹಡಿ.

ಬಾಗಿಲು ತೆರೆದವಳು ಅಕ್ಕನೇ. ಮೈ ಇಳಿದಿತ್ತು, ಬಣ್ಣ ಮಂಕಾಗಿತ್ತು. ಎಡಗೈ ಮೇಲೆ ಡಯಾಲಿಸಿಸ್ ಸೂಜಿ ಚುಚ್ಚುವ ಜಾಗ ಹಗ್ಗದಂತೆ ಉಬ್ಬಿತ್ತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು ಯಂತ್ರಕ್ಕೆ ಕೈಕೊಟ್ಟು ಮಲಗುತ್ತಾಳೆ. ಫೋನಿನಲ್ಲಿ ಮಾತ್ರ ವರ್ಷಗಟ್ಟಲೆ "ಎಲ್ಲಾ ಆರಾಮ ಅದ" ಅನ್ನುತ್ತಿದ್ದಳು.

ಚೀಲ ಬಿಚ್ಚಿ ಹೋಳಿಗೆ ಕೊಟ್ಟೆ. ಒಂದನ್ನು ಎತ್ತಿ ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿ ವಾಸನೆ ತೆಗೆದುಕೊಂಡಳು. ಹಾಗೆಯೇ ಡಬ್ಬಿಯಲ್ಲಿಟ್ಟು ಮಾಮಾನ ಕೈಗೆ ಕೊಟ್ಟಳು. "ಎದುರ ಮನಿ ಕುಲಕರ್ಣಿಯವರಿಗೆ ಕೊಟ್ಟು ಬರ್ರಿ. ಮನ್ಯಾಗಿದ್ರ ಶ್ರದ್ಧಾ ಎಲ್ಲಾ ತಿಂತಾಳ."

"ಒಂದ ತುಂಡರ ತಿನ್ನಬೇ ಅಕ್ಕಾ," ಅಂದೆ.

"ಶೇಂಗಾನೂ ಬ್ಯಾಡ, ಬೆಲ್ಲಾನೂ ಬ್ಯಾಡ ಅಂದಾರ. ವಾಸನಿಗೆ ಯಾರೂ ಬ್ಯಾಡ ಅಂದಿಲ್ಲ."

ಮರುದಿನ ನಡೆದದ್ದನ್ನು ನೆನೆದರೆ ಈಗಲೂ ಬೆವರು ಬರುತ್ತದೆ. ಏಪ್ರಿಲಿನ ಬಿಸಿಲು ಸುಡುತ್ತಿತ್ತು. ಡಯಾಲಿಸಿಸ್ ಮುಗಿಸಿ ಬಂದ ಅಕ್ಕ ಸುಸ್ತಾಗಿ ಮಲಗಿದ್ದಳು. ನಾನು ಕೆಳಗಿಳಿದು ಹೋಗಿ ಎಳನೀರು ತಂದೆ. ತಂಬಿಗೆಗೆ ಬಗ್ಗಿಸಿ, ಅವಳ ತಲೆಯ ಕೆಳಗೆ ಕೈಯಿಟ್ಟು ಎಬ್ಬಿಸಿ, "ಕುಡಿ, ಜೀವ ಬರ್ತದ" ಅಂದೆ. ಎಳನೀರಿನ ಮೇಲೆ ಒಂದು ವಾರವಿಡೀ ಓದುಗರು ಕೊಂಡಾಡಿದ ಲೇಖನ ಬರೆದವನು ನಾನು.

ಅಕ್ಕ ತಂಬಿಗೆಯನ್ನು ನೋಡಿದಳು. ಬಾಯಾರಿದ್ದಳು ಎಂಬುದು ತುಟಿಯಲ್ಲೇ ಕಾಣುತ್ತಿತ್ತು. ಮೆಲ್ಲಗೆ ತಂಬಿಗೆಯನ್ನು ನನ್ನ ಕಡೆಗೇ ಸರಿಸಿದಳು. "ತಮ್ಮಾ, ಇದು ಮಂದಿಗೆ ಅಮೃತ. ಕಿಡ್ನಿ ಹೋದವರಿಗೆ ವಿಷ. ಇದರಾಗ ಪೊಟ್ಯಾಶಿಯಂ ಅಂತ ಇರ್ತದ. ಅದು ನನ್ನ ಮೈಯಾಗಿಂದ ಹೊರಗ ಹೋಗಂಗಿಲ್ಲ. ಹೆಚ್ಚಾದ್ರ ಎದಿ ನಿಂತು ಹೋಗ್ತದ."

ಏಳನೇ ಇಯತ್ತೆ ಓದಿದ ಅಕ್ಕ ಪೊಟ್ಯಾಶಿಯಂ ಅನ್ನುವ ಮಾತನ್ನು ಉಪ್ಪು, ಹುಳಿ ಅಂದಷ್ಟೇ ಸಲೀಸಾಗಿ ಆಡಿದಳು. ನಾನು ತಂಬಿಗೆ ಹಿಡಿದುಕೊಂಡು ನಿಂತೇ ಇದ್ದೆ. ಅವಳೇ ಕೊನೆಗೆ, "ನೀನ ಕುಡಿ, ಚೆಲ್ಲಬ್ಯಾಡ" ಅಂದಳು. ಕುಡಿಯಲಾಗಲಿಲ್ಲ.

ಆಮೇಲೆ ಗಮನಿಸತೊಡಗಿದೆ. ಅವಳು ತನ್ನ ಪಲ್ಯದ ಕಾಯಿಪಲ್ಲೆಯನ್ನು ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ಕುದಿಸಿ, ಆ ನೀರನ್ನು ಬಸಿದು ಚೆಲ್ಲುತ್ತಾಳೆ. ನಾವೆಲ್ಲ ಸತ್ವ ಹೋಗುತ್ತದೆಂದು ಯಾವುದನ್ನು ಮಾಡಬಾರದೆನ್ನುತ್ತೇವೋ ಅದನ್ನೇ ಅವಳು ಬೇಕೆಂದು ಮಾಡಬೇಕು. ದಿನದ ನೀರನ್ನು ಒಂದು ಬಾಟಲಿಯಲ್ಲಿ ಅಳೆದಿಟ್ಟುಕೊಂಡು ಅದರಲ್ಲೇ ಚಹಾ, ಗುಳಿಗೆ, ಬಾಯಾರಿಕೆ ಎಲ್ಲವನ್ನೂ ಮುಗಿಸುತ್ತಾಳೆ. ಬೀದಿಯ ತುಂಬ ಹಾಪೂಸ್ ಮಾವಿನ ಹಣ್ಣಿನ ಪೆಟ್ಟಿಗೆಗಳು. ಆ ಮನೆಯೊಳಗೆ ಮಾತ್ರ ಮಾವಿನ ವಾಸನೆ ಇಲ್ಲ. ಮಾಮಾ ಹಣ್ಣನ್ನು ಅಂಗಡಿಯಲ್ಲೇ ತಿಂದು, ಕೈ ತೊಳೆದುಕೊಂಡು ಬರುತ್ತಾರೆ.

ಆಸ್ಪತ್ರೆ

ನನ್ನ ರಕ್ತದ ಗುಂಪು ಹೊಂದಿತು. ಮಾಮಾನದು ಹೊಂದಿರಲಿಲ್ಲ. ಅಷ್ಟಕ್ಕೇ ನಾನು ಗೆದ್ದವನಂತೆ ಕೂತಿದ್ದೆ. ಡಾಕ್ಟರು ಕಾಗದಗಳನ್ನು ತಿರುವಿ, ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೊಂಬತ್ತೊಂದು ಕಿಲೊ. ರಕ್ತದಲ್ಲಿನ ಸಕ್ಕರೆ ಅಂಚಿಗೆ ಬಂದಿದೆ ಎಂದರು.

"ಕಾಯಿಲೆ ಅಲ್ಲ, ಆದರೆ ಬಾಗಿಲಲ್ಲಿ ನಿಂತಿದೆ," ಎಂದು ಹಿಂದಿಯಲ್ಲಿ ಹೇಳಿದರು. "ಈಗ ನಿಮ್ಮ ಕಿಡ್ನಿ ತೆಗೆಯಲಾರೆ. ಏಳು ಕಿಲೊ ಇಳಿಸಿ. ಎರಡು ತಿಂಗಳ ನಂತರ ಇನ್ನೊಂದು ಪರೀಕ್ಷೆ ಮಾಡೋಣ. ಆಗಲೂ ಖಾತ್ರಿ ಕೊಡಲಾರೆ."

ಅಕ್ಕ ನನ್ನ ಮುಖ ನೋಡಲಿಲ್ಲ. ತನ್ನ ಸೀರೆಯ ಸೆರಗಿನ ಅಂಚನ್ನು ನೋಡುತ್ತಿದ್ದಳು. ಅವಳ ಜೀವ ನನ್ನ ಹೊಟ್ಟೆಯ ಸುತ್ತಳತೆಯ ಮೇಲೆ ನಿಂತಿದೆ ಎಂದು ಆ ಕ್ಷಣಕ್ಕೆ ತಿಳಿಯಿತು. ನಾಚಿಕೆಯೂ ಆಯಿತು.

ಅಲ್ಲಿಂದ ನನ್ನನ್ನು ಪಥ್ಯ ಹೇಳುವ ಮೇಡಂ ಹತ್ತಿರ ಕಳಿಸಿದರು. ಕೇತಕಿ ಎಂದು ಹೆಸರು, ಮೂವತ್ತರ ಆಸುಪಾಸಿನ ಹುಡುಗಿ. ಮೂರು ದಿನ ತಿಂದದ್ದನ್ನೆಲ್ಲ ಬರೆದು ತರಲು ಹೇಳಿದಳು. ಬರೆಯುವುದು ನನಗೇನು ಹೊಸದೇ? ನಾಲ್ಕು ಪುಟ ಬರೆದು, ಅವಳಿಗಾಗಿ ಹಿಂದಿಯಲ್ಲಿ ಓದಿ ಹೇಳಿದೆ. ಬದನೆಕಾಯಿಯ ಒಗರು, ಗುರೆಳ್ಳಿನ ಘಮ ಯಾವುದನ್ನೂ ಬಿಟ್ಟಿರಲಿಲ್ಲ.

ಅವಳು ತಾಳ್ಮೆಯಿಂದ ಕೇಳಿ, "ಎಣ್ಣೆ ಎಷ್ಟು ಚಮಚ?" ಅಂದಳು.

ಗೊತ್ತಿರಲಿಲ್ಲ.

"ಶೇಂಗಾ ಚಟ್ನಿ ಎಷ್ಟು?"

"ರೊಟ್ಟಿಗೆ ಬೇಕಾದಷ್ಟು."

"ರೊಟ್ಟಿ ಎಷ್ಟು?"

"ಐದು. ಆರು. ಜೋಳದ್ದಲ್ಲವೇ, ಜೋಳದಿಂದ ಯಾರಿಗೂ ತೂಕ ಬರುವುದಿಲ್ಲ."

ಅವಳು ನಗಲಿಲ್ಲ. ಒಂದು ಖಾಲಿ ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಅರ್ಧ ತಟ್ಟೆಗೆ ಕೈಯಿಟ್ಟು, ಇಷ್ಟು ಕಾಯಿಪಲ್ಲೆ ಮತ್ತು ಸೊಪ್ಪು ಅಂದಳು. ಕಾಲು ಭಾಗ ಬೇಳೆ, ಕಾಳು. ಉಳಿದ ಕಾಲು ಭಾಗಕ್ಕೆ ರೊಟ್ಟಿ, ಎರಡೇ. ನನ್ನ ಜೋಳ ಒಳ್ಳೆಯದೇ, ಆದರೆ ಒಳ್ಳೆಯದಕ್ಕೂ ಅಳತೆ ಇದೆ ಎಂದಳು. ನಾನು ಅಲ್ಲಿಯವರೆಗೆ ತಟ್ಟೆಯನ್ನು ನೋಡುತ್ತಿದ್ದ ರೀತಿಯಲ್ಲಿ ರೊಟ್ಟಿಯೇ ಊಟ, ಪಲ್ಯ ಅದನ್ನು ಒಳಗೆ ಕಳಿಸುವ ಉಪಾಯ. ಅವಳು ಅದನ್ನು ತಲೆಕೆಳಗು ಮಾಡಿದ್ದಳು.

ಗುಡ್ಡ

ಪುಣೆಯವರು ಬೆಳಿಗ್ಗೆ ಗುಡ್ಡ ಹತ್ತುತ್ತಾರೆ. ನಮ್ಮಲ್ಲಿ ಗುಡ್ಡ ಹತ್ತುವುದು ದೇವರಿದ್ದರೆ ಮಾತ್ರ. ಇಲ್ಲಿ ಸುಮ್ಮನೆ ಹತ್ತಿ ಸುಮ್ಮನೆ ಇಳಿಯುತ್ತಾರೆ. ಟೊಪ್ಪಿಗೆ ಹಾಕಿದ ಅಜ್ಜಂದಿರು, ಒಂಬತ್ತು ಗಜದ ಸೀರೆಗೆ ಬಿಳಿ ಬೂಟು ಹಾಕಿದ ಅಜ್ಜಿಯರು ನನ್ನನ್ನು ದಾಟಿ ಹೋಗುವಾಗ, "ಸಾವಕಾಶ, ಸಾವಕಾಶ" ಅಂದು ಹೋಗುತ್ತಿದ್ದರು. ಮೊದಲ ವಾರ ನಾನು ಅರ್ಧಕ್ಕೇ ಕೂತುಬಿಡುತ್ತಿದ್ದೆ. ಮೂರನೇ ವಾರ ತುದಿ ಮುಟ್ಟಿದೆ.

ವಿಚಿತ್ರವೆಂದರೆ ಗುಡ್ಡದ ಬುಡದಲ್ಲಿರುವ ಗಾಡಿಗಳು. ಬೆವರಿಳಿಸಿ ಬಂದವರಲ್ಲಿ ಅರ್ಧ ಜನ ಅಲ್ಲಿ ನಿಂತು ವಡಾಪಾವ್ ತಿಂದು, ಕಬ್ಬಿನ ಹಾಲು ಕುಡಿದು, ವ್ಯಾಯಾಮದ ಬಗ್ಗೆ ಮಾತಾಡುತ್ತಾರೆ. ನಾನೂ ಎರಡು ದಿನ ಹಾಗೆ ಮಾಡಿದೆ. ಒಂದು ತಾಸು ನಡೆದದ್ದು ಐದು ನಿಮಿಷದಲ್ಲಿ ಹೊಟ್ಟೆಗೆ ವಾಪಸು ಬರುತ್ತದೆ ಎಂದು ಕೇತಕಿ ಹೇಳಿದ ಮೇಲೆ ಬಿಟ್ಟೆ.

ಏಕಾದಶಿಯ ದಿನ ಇನ್ನೊಂದು ಎಡವಟ್ಟಾಯಿತು. ಈ ನೆಪದಲ್ಲಾದರೂ ಒಂದು ದಿನ ಉಪವಾಸ ಮಾಡಿ ತೂಕ ಇಳಿಸೋಣ ಎಂದು ಮಾಮಾನ ಜೊತೆ ಉಪವಾಸ ಹಿಡಿದೆ. ಬೆಳಿಗ್ಗೆ ಸಬ್ಬಕ್ಕಿಯ ಸಾಬೂದಾಣಿ ಖಿಚಡಿ, ಮೇಲೆ ಶೇಂಗಾಪುಡಿ, ತುಪ್ಪ. ಮಧ್ಯಾಹ್ನ ಆಲೂಗಡ್ಡೆ ಪಲ್ಯ, ವರಿ ಎಂಬ ಉಪವಾಸದ ಅಕ್ಕಿ, ಶೇಂಗಾ ಸಾರು. ಸಂಜೆ ಸಾಬೂದಾಣಿ ವಡೆ. ಮರುದಿನ ತೂಕದ ಯಂತ್ರ ಮುಂದಕ್ಕೇ ಹೋಗಿತ್ತು. ಮಾಮಾ ಯಂತ್ರವನ್ನು ಬಗ್ಗಿ ನೋಡಿ, "ಇದು ಕೆಟ್ಟದ ನೋಡ್ರಿ, ಉಪವಾಸ ಮಾಡಿದವರಿಗೆ ಹಿಂಗ ತೋರಸ್ತದೇನು?" ಎಂದು ಗಂಭೀರವಾಗಿ ಕೇಳಿದರು. ಅಡುಗೆಮನೆಯಲ್ಲಿ ಅಕ್ಕ ಎಷ್ಟೋ ದಿನಗಳ ಮೇಲೆ ಜೋರಾಗಿ ನಕ್ಕಳು.

ಶೆಟ್ಟರ ಹೋಟೆಲು

ಅಕ್ಕ ಯಂತ್ರದ ಮುಂದಿರುವ ನಾಲ್ಕು ತಾಸು ನನಗೆ ಕಷ್ಟದ ಹೊತ್ತು. ಆಸ್ಪತ್ರೆಯ ಎದುರಿಗೇ ಒಂದು ಉಡುಪಿ ಹೋಟೆಲು. ನಾಲ್ಕನೇ ವಾರದಲ್ಲಿ ಒಂದು ದಿನ ಸೋತೆ. ತೂಕ ಮೂರು ಕಿಲೊ ಇಳಿದು ಅಲ್ಲೇ ಗಟ್ಟಿಯಾಗಿ ನಿಂತಿತ್ತು. ನಾನೇನು ಮಾಡಿದರೂ ಆಗುವುದಿಲ್ಲ ಎಂಬ ಸಿಟ್ಟಿನಲ್ಲಿ ಮಸಾಲೆ ದೋಸೆ, ಆಮೇಲೆ ಪೂರಿ ಸಾಗು, ಆಮೇಲೆ ಸಜ್ಜಿಗೆ ತಿಂದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮಾಲೀಕರು ನಾನು ಕನ್ನಡದವನೆಂದು ತಿಳಿದು ಎದುರು ಬಂದು ಕೂತರು. ಕುಂದಾಪುರದ ಕಡೆಯ ಶೆಟ್ಟರು. ಯಾರಿಗಾಗಿ ಬಂದಿದ್ದೀರಿ ಎಂದು ಕೇಳಿದರು. ಬಾಯಿಯಲ್ಲಿ ಸಜ್ಜಿಗೆ ಇಟ್ಟುಕೊಂಡೇ ಎಲ್ಲ ಹೇಳಿದೆ.

ಅವರು ನನ್ನ ತಟ್ಟೆ ನೋಡಿದರು. "ಎಂತ ಮಾರಾಯ್ರೆ, ಇದೆಲ್ಲ ಗೊತ್ತಿದ್ದೂ ಇಲ್ಲಿ ಬಂದು ತಿನ್ನುದಾ?" ಅಂದರು. "ನಾನು ಹೋಟೆಲಿನವ, ಹೀಗೆ ಹೇಳ್ಬಾರ್ದು. ಆದ್ರೆ ನೀವು ತಿಂದ ಸಜ್ಜಿಗೆಗೆ ಎಷ್ಟು ತುಪ್ಪ, ಎಷ್ಟು ಸಕ್ಕರೆ ಬಿದ್ದಿದೆ ಅಂತ ನಂಗೆ ಗೊತ್ತುಂಟು, ನಿಮಗೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ."

"ನೀವೇನು ಉಣ್ಣುತ್ತೀರಿ?" ಎಂದು ಕೇಳಿದೆ.

"ನಾನಾ? ಮನೆಯಿಂದ ಬರ್ತದೆ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಬಸಳೆ. ಇಪ್ಪತ್ತು ವರ್ಷ ಇಲ್ಲಿದ್ದೇ ತಿಂದೆ. ಒಂದು ಸ್ಟೆಂಟ್ ಹಾಕಿಸ್ಕೊಂಡ ಮೇಲೆ ಬಿಟ್ಟೆ."

ಮರುದಿನದಿಂದ ನಾನು ಹೋದರೆ ಅವರು ಕೇಳದೆಯೇ ಒಂದು ಇಡ್ಲಿ, ಒಂದು ಬಟ್ಟಲು ತರಕಾರಿ ತುಂಬಿದ ಸಾಂಬಾರು, ಸಕ್ಕರೆ ಇಲ್ಲದ ಕಾಫಿ ಕಳಿಸುತ್ತಿದ್ದರು. ಬೇರೆ ಯಾವುದನ್ನು ಕೇಳಿದರೂ ಮಾಣಿ "ಆಗಿ ಹೋಯ್ತು" ಅನ್ನುತ್ತಿದ್ದ. ಪಕ್ಕದ ಮೇಜಿಗೆ ಅದೇ ದೋಸೆ ಹೋಗುತ್ತಿರುವುದು ನನಗೆ ಕಾಣುತ್ತಿತ್ತು.

ಶ್ರದ್ಧಾಳ ಬಿಸ್ಕಿಟು

ಶ್ರದ್ಧಾ ಬೆಳಿಗ್ಗೆ ಏಳೂವರೆಗೆ ಕಂಪನಿಯ ಗಾಡಿ ಹತ್ತಿದರೆ ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹಿಂಜವಾಡಿಯ ರಸ್ತೆಯಲ್ಲಿ ಗಾಡಿ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕೂತಲ್ಲೇ ತಿಂಡಿ, ಕೂತಲ್ಲೇ ಕೆಲಸ, ಮತ್ತೆ ಕೂತು ಪ್ರಯಾಣ. ಮೂರು ವರ್ಷದಲ್ಲಿ ಹದಿನೈದು ಕಿಲೊ ಏರಿದ್ದೇನೆ ಎಂದು ಅವಳೇ ಹೇಳಿದಳು. ತಾಯಿಗೆ ಕಿಡ್ನಿ ಕೊಡುತ್ತೇನೆಂದು ಮೊದಲು ಮುಂದೆ ಬಂದವಳು ಅವಳೇ. ಅಕ್ಕ ಬಾಗಿಲನ್ನೇ ಹಾಕಿದಳು. "ನಿನ್ನ ವಯಸ್ಸಿನ್ಯಾಗ ನನಗೂ ಎಲ್ಲಾ ಛಲೋ ಇತ್ತು. ನಿನ್ನದು ನಿನಗ ಬೇಕಾಗ್ತದ" ಎಂಬುದು ಅವಳ ಕೊನೆಯ ಮಾತು.

ಒಂದು ಭಾನುವಾರ ಅಕ್ಕ, ಶ್ರದ್ಧಾ, ನಾನು ಮೂವರೂ ದೊಡ್ಡ ಅಂಗಡಿಗೆ ಹೋದೆವು. ಶ್ರದ್ಧಾ ನನಗಾಗಿ ಒಂದು ಬಿಸ್ಕಿಟ್ ಪೊಟ್ಟಣ ಎತ್ತಿಕೊಂಡಳು. ಮೇಲೆ ಗೋಧಿಯ ತೆನೆ, ಹಸಿರು ಎಲೆ, ಓಡುತ್ತಿರುವ ಹೆಂಗಸಿನ ಚಿತ್ರ.

"ಮಾಮಾ, ಹೇ ಘ್ಯಾ, ತಗೋರಿ, ಇದು ಡಾಯಟ್‌ದು ಅದ, ಸಕ್ಕರೆ ಇಲ್ಲ," ಅಂದಳು. ನನ್ನನ್ನೂ ಅವಳು ಮಾಮಾ ಅನ್ನುತ್ತಾಳೆ. ಅವಳ ಕನ್ನಡದಲ್ಲಿ ಮರಾಠಿ ಹೀಗೆ ಬಂದು ಹೋಗುತ್ತಿರುತ್ತದೆ.

ಅಕ್ಕ ಅದನ್ನು ಇಸಿದುಕೊಂಡು ಹಿಂದಕ್ಕೆ ತಿರುಗಿಸಿದಳು. ಕನ್ನಡಕ ಮೇಲೆತ್ತಿ, ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಪೊಟ್ಟಣಗಳ ಬೆನ್ನ ಮೇಲಿನ ಹತ್ತು ಹನ್ನೆರಡು ಮಾತು ಬರುತ್ತವೆ. "ಇಲ್ಲಿ ನೋಡು. ಮೊದಲು ಯಾವುದು ಬರದಿರ್ತಾರ ಅದು ಎಲ್ಲಾದಕಿಂತ ಹೆಚ್ಚ ಇರ್ತದ. ಮೊದಲಿಂದು ರಿಫೈಂಡ್ ವೀಟ್ ಫ್ಲೋರ್. ಅಂದ್ರ ಮೈದಾ. ಎರಡನೇದು ಪಾಮ್ ಎಣ್ಣಿ. ಓಟ್ಸ್ ಕಡೀಕ ಅದ. ಮುಂದ ಮಾತ್ರ ಓಟ್ಸಿಂದ ಫೋಟೋ."

ಶ್ರದ್ಧಾ ಪೊಟ್ಟಣ ಕಸಿದುಕೊಂಡು ತಾನೂ ಓದಿದಳು. ಇಂಜಿನಿಯರಿಂಗ್ ಓದಿದ ಹುಡುಗಿ. "ಆಯೀ, ಮೂರು ವರ್ಷದಿಂದ ನಾನು ಇದನ್ನೇ ಊಟದ ಬದಲಿಗೆ ತಿಂತೀನಲ್ಲ," ಅಂದಳು. ಮುಖ ಕೆಂಪಾಗಿತ್ತು. ಅಕ್ಕ ಬೈಯಲಿಲ್ಲ. ಪೊಟ್ಟಣವನ್ನು ತೆಗೆದ ಜಾಗದಲ್ಲೇ ನೆಟ್ಟಗೆ ಇಟ್ಟಳು.

ಆ ಸಂಜೆ ಶ್ರದ್ಧಾ ಅಡುಗೆಮನೆಗೆ ಬಂದು, ಹೆಸರುಬೇಳೆ ಹೇಗೆ ಬೇಯಿಸುವುದು ಎಂದು ಕೇಳಿದಳು. ಇಪ್ಪತ್ತಾರು ವರ್ಷದ ಅವಳಿಗೆ ಬೇಳೆ ಬೇಯಿಸಲು ಬರುತ್ತಿರಲಿಲ್ಲ ಎಂಬುದು ನನಗೆ ಅಚ್ಚರಿ. ಆಮೇಲೆ ಯೋಚಿಸಿದರೆ ನನಗೂ ಬರುತ್ತಿರಲಿಲ್ಲ. ಒಂಬತ್ತು ವರ್ಷ ಊಟದ ಬಗ್ಗೆ ಬರೆದವನು ಒಂದು ದಿನವೂ ಒಲೆ ಹಚ್ಚಿರಲಿಲ್ಲ. ಇಬ್ಬರೂ ಒಟ್ಟಿಗೆ ಕಲಿತೆವು. ಮೊದಲ ದಿನದ ಬೇಳೆ ತಳ ಹಿಡಿದಿತ್ತು. ಮಾಮಾ ಹಾಗೆಯೇ ಉಂಡರು.

ಜೇಜುರಿ

ಆರನೇ ವಾರ ಜೇಜುರಿಗೆ ಹೋದೆವು. ಮಾಮಾನ ಮನೆದೇವರು ಖಂಡೋಬಾ, ನಮ್ಮ ಕಡೆಯವರು ಮೈಲಾರಲಿಂಗ ಅನ್ನುವ ದೇವರು. ಮೆಟ್ಟಿಲ ಮೇಲೆಲ್ಲ ಭಂಡಾರದ ಅರಿಶಿನ ಪುಡಿ ಚೆಲ್ಲಿ ಗುಡ್ಡವೇ ಹಳದಿಯಾಗಿತ್ತು. ಅಕ್ಕನಿಗೆ ಹತ್ತಲು ಆಗುವುದಿಲ್ಲ. ಅವಳ ಜೊತೆ ಕೆಳಗೇ ಒಂದು ದೀಪಮಾಲೆ ಕಂಬದ ನೆರಳಿನಲ್ಲಿ ಕೂತೆ. ಮಾಮಾ, ಶ್ರದ್ಧಾ ಮೇಲೆ ಹೋದರು.

ಪಕ್ಕದಲ್ಲಿ ಇಂಡಿ ಕಡೆಯಿಂದ ಬಂದ ಒಂದು ಕುಟುಂಬ ಬುತ್ತಿ ಬಿಚ್ಚಿತ್ತು. ನಮ್ಮ ಮಾತು ಕೇಳಿ, ಹಿರಿಯ ಹೆಂಗಸು ಎರಡು ಹೋಳಿಗೆ, ಬಾಳೆಹಣ್ಣು ಹಿಡಿದುಕೊಂಡು ಬಂದರು. "ತಗೋರಿ ಯವ್ವಾ, ದೇವರ ಪ್ರಸಾದ ಅಂತ ತಿಳೀರಿ."

ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು, ಹೋಳಿಗೆಯ ಅಂಚಿನಲ್ಲಿ ಸಾಸಿವೆಯಷ್ಟು ಚಿವುಟಿ ನಾಲಿಗೆಯ ಮೇಲಿಟ್ಟುಕೊಂಡಳು. ಉಳಿದದ್ದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿತ್ತಳು. ಆ ತಾಯಿಗೆ ಬೇಸರವಾಗದಂತೆ ತನ್ನ ಕೈ ತೋರಿಸಿ ಎಲ್ಲ ಹೇಳಿದಳು. ಅವರು ಹೋದ ಮೇಲೆ ನಾನು ಅಷ್ಟು ದಿನ ಕೇಳದೇ ಉಳಿದದ್ದನ್ನು ಕೇಳಿದೆ.

"ಇದು ಹಿಂಗ ಹೆಂಗಾತಬೇ? ಅವ್ವಗ ಸಕ್ಕರಿ ಇತ್ತು, ಕಾಲು ತಗದ್ರು, ಎಲ್ಲಾ ನೋಡೀವಿ. ನೀ ಸಕ್ಕರಿಗೆ ಔಷಧ ತಗೋಲಿಲ್ಲೇನು?"

ಅಕ್ಕ ಮೆಟ್ಟಿಲು ಹತ್ತುವ ಜನರನ್ನು ನೋಡುತ್ತ ಹೇಳಿದಳು. "ತಗೊಂಡೆ. ಡಾಕ್ಟರು ಸಕ್ಕರಿ ಬಿಡ್ರಿ ಅಂದ್ರು. ಬಿಟ್ಟೆ. ಬೆಲ್ಲ ಹಿಡದೆ. ಬೆಲ್ಲ ಛಲೋ ಅಂತ ಎಲ್ಲಾರೂ ಅಂತಿದ್ರು. ಅನ್ನ ಬಿಡ್ರಿ ಅಂದ್ರು. ಬಿಟ್ಟು ಅವಲಕ್ಕಿ, ಸಾಬೂದಾಣಿ ತಿಂದೆ. ಹಣ್ಣಿನ ರಸ ತಾಕತ್ತು ಅಂದ್ರು, ಅದನ್ನೂ ಕುಡದೆ. ಹನ್ನೆರಡು ವರ್ಷ ನಾ ಪಥ್ಯ ಮಾಡಾಕತ್ತೀನಿ ಅಂತನ ತಿಳಕೊಂಡಿದ್ದೆ, ತಮ್ಮಾ. ಡಾಕ್ಟರಿಗೆ ಹೊತ್ತಿರಲಿಲ್ಲ, ನನಗ ಕೇಳಾಕ ಬರಲಿಲ್ಲ. ಕಿಡ್ನಿ ಹೋಗ್ಯಾವ ಅಂತ ಕಾಲು ಬಾತ ಮ್ಯಾಲೆ ಗೊತ್ತಾತು."

ಆ ಹನ್ನೆರಡು ವರ್ಷಗಳಲ್ಲಿ ಒಂಬತ್ತು ವರ್ಷ ನಾನು ಪ್ರತಿ ವಾರ ಊಟದ ಬಗ್ಗೆ ಬರೆದಿದ್ದೆ. ಪ್ರತಿ ಲೇಖನವನ್ನೂ ಕತ್ತರಿಸಿ ಅಕ್ಕನಿಗೆ ಅಂಚೆಯಲ್ಲಿ ಕಳಿಸಿದ್ದೆ. ಬೆಲ್ಲದ ಹಿರಿಮೆಯ ಮೇಲೇ ಮೂರು ಬರೆದಿದ್ದೆ.

"ನನ್ನ ಲೇಖನ ಓದಿದ್ದಿ ಏನಕ್ಕಾ?" ಎಂದು ಕೇಳಬೇಕೆಂದುಕೊಂಡೆ. ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಮೈಯೆಲ್ಲ ಹಳದಿ ಮಾಡಿಕೊಂಡು ಮಾಮಾ ಇಳಿದು ಬಂದು, ನಮ್ಮಿಬ್ಬರ ಹಣೆಗೂ ಭಂಡಾರ ಹಚ್ಚಿದರು.

ಮತ್ತೆ ಆಸ್ಪತ್ರೆ

ಕಾಲೇಜು ತೆರೆದಿತ್ತು, ನಾನು ಹೆಚ್ಚಿಗೆ ರಜೆ ಬರೆದು ಹಾಕಿದ್ದೆ. ಎರಡು ತಿಂಗಳು ತುಂಬಿದಾಗ ಯಂತ್ರ ಎಂಬತ್ತಮೂರೂವರೆ ತೋರಿಸಿತು. ಡಾಕ್ಟರು ಕೇಳಿದ ತೂಕಕ್ಕಿಂತ ಅರ್ಧ ಕಿಲೊ ಕಡಿಮೆಯೇ. ಹಳೆಯ ಪ್ಯಾಂಟು ಹಗ್ಗ ಕಟ್ಟಿದಂತೆ ಸೊಂಟದಲ್ಲಿ ಮುದುಡಿ ನಿಲ್ಲುತ್ತಿತ್ತು. ಕೇತಕಿ ಎದ್ದು ನಿಂತು ಕೈ ಕುಲುಕಿದಳು. ಗ್ಲೂಕೋಸಿನ ನೀರು ಕುಡಿಸಿ ತಾಸು ತಾಸಿಗೆ ರಕ್ತ ತೆಗೆದರು. ಅಕ್ಕ ಅಂದು ಹೊಸ ಸೀರೆ ಉಟ್ಟಿದ್ದಳು.

ಮೂರು ದಿನಗಳ ನಂತರ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ತೂಕ ಇಳಿದದ್ದು ಬಹಳ ಒಳ್ಳೆಯದಾಯಿತು ಎಂದರು. ಆಮೇಲೆ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಗ್ಲೂಕೋಸ್ ಕುಡಿದ ಮೇಲಿನ ಸಕ್ಕರೆ ಇಳಿಯಬೇಕಾದಷ್ಟು ಇಳಿದಿಲ್ಲ. ತಾಯಿಗೆ ಇತ್ತು, ಅಕ್ಕನಿಗೆ ಇದೆ. ಮುಂದೆ ನನಗೂ ಬರುವ ಸಂಭವ ಹೆಚ್ಚು. ಬಂದರೆ ಎರಡು ಕಿಡ್ನಿಯೂ ನನಗೆ ಬೇಕು.

"ನಿಮ್ಮಿಂದ ತೆಗೆಯುವುದಿಲ್ಲ," ಅಂದರು. "ನಿಮ್ಮ ಅಕ್ಕನ ಹೆಸರನ್ನು ದಾನದ ಕಿಡ್ನಿಗೆ ಕಾಯುವವರ ಪಟ್ಟಿಗೆ ಸೇರಿಸೋಣ."

ನಾನು ಬೇಡಿಕೊಂಡೆ. ಇನ್ನೂ ಐದು ಕಿಲೊ ಇಳಿಸುತ್ತೇನೆ, ಇನ್ನೂ ಆರು ತಿಂಗಳು ರಜೆ ಹಾಕುತ್ತೇನೆ ಅಂದೆ. ಅವರು ಬೇಡವೆಂಬಂತೆ ತಲೆಯಾಡಿಸಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತವನಿಗೆ ಅಳು ತಡೆಯಲಾಗಲಿಲ್ಲ. ನಲವತ್ತಾರು ವರ್ಷದ ಗಂಡಸು ಹಾಗೆ ಅಳುವುದನ್ನು ಪುಣೆಯವರು ನೋಡಿಯೂ ನೋಡದಂತೆ ನಡೆದು ಹೋದರು. ಅದು ಅವರ ದೊಡ್ಡ ಗುಣ.

ಜೇಜುರಿಯಲ್ಲಿ ಕೇಳದೆ ಉಳಿದದ್ದು ಆಗ ಹೊರಗೆ ಬಂತು. "ಬೆಲ್ಲದ ಮ್ಯಾಲೆ ಬರದವ ನಾನ ಅಕ್ಕಾ. ನೀ ಓದಿ ತಿಂದಿ. ಕಡೀಕ ಒಂದು ಕಿಡ್ನಿ ಕೊಡಾಕೂ ಆಗಲಿಲ್ಲ."

ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಓದಿದ್ದೆ," ಅಂದಳು. ಸುಳ್ಳು ಹೇಳಿ ಸಮಾಧಾನ ಮಾಡಲಿಲ್ಲ. "ಆದ್ರ ನಿನಗೂ ಗೊತ್ತಿರಲಿಲ್ಲಲ್ಲ. ನನ್ನ ಸಕ್ಕರಿ ಬಾಗಲಾಗ ನಿಂತಾಗ ಯಾರೂ ನನಗ ಹೇಳಲಿಲ್ಲ. ನಿನಗ ಹೇಳ್ಯಾರ. ನೀ ಕೊಡಾಕಂತ ಬಂದಿ, ಅದಕ್ಕ ಗೊತ್ತಾತು. ಇಷ್ಟರ ಆತಲ್ಲ." ಆಮೇಲೆ ಅಂದಳು: "ನನಗೂ ಆಸೆ ಇತ್ತು ತಮ್ಮಾ. ಇಲ್ಲ ಅನ್ನಂಗಿಲ್ಲ. ಇವತ್ತೊಂದ ದಿನ ಇಬ್ಬರೂ ಅಳೋಣ. ನಾಳೆ ನನ್ನ ಡಯಾಲಿಸಿಸ್ ಅದ."

ಒಂದು ಹಾಳೆ

ಹೊರಡುವ ಮೊದಲಿನ ವಾರ ಡಯಾಲಿಸಿಸ್ ಕೋಣೆಯಲ್ಲಿ ಅಕ್ಕನ ಪಕ್ಕ ಕೂತಿದ್ದೆ. ಅಲ್ಲಿಗೆ ಸೊಲ್ಲಾಪುರ, ಅಕ್ಕಲಕೋಟೆ, ಇಂಡಿ ಕಡೆಯಿಂದ ಬರುವ ಕನ್ನಡದ ಜನ ಇದ್ದಾರೆ. ಪಥ್ಯದ ಕಾಗದ ಅವರಿಗೆ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಸಿಗುತ್ತದೆ. ಎದುರಿನ ಹಾಸಿಗೆಯ ಹೆಂಗಸು ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಿದ್ದರು. ಓದಲು ಬರುವುದಿಲ್ಲ, ಬಿಸಾಡಲು ಭಯ.

"ಪೆನ್ನು ತಗಿ," ಅಂದಳು ಅಕ್ಕ. "ನಾ ಹೇಳ್ತೀನಿ, ನೀ ಕನ್ನಡದಾಗ ಬರಿ."

ಅವಳು ಹೇಳಿದಳು, ನಾನು ಬರೆದೆ. 'ಪ್ರಿಯ ಸಹೃದಯರೇ' ಎಂದು ಆರಂಭಿಸಿದ್ದನ್ನು ಓದಿ ಹೇಳಿದಾಗ, "ಅದನ್ನ ಹೊಡದ ಹಾಕು, ಸೂಜಿ ಚುಚ್ಚಿಸ್ಕೊಂಡವರಿಗೆ ಅಷ್ಟು ಓದಾಕ ತಾಕತ್ತಿರಂಗಿಲ್ಲ" ಅಂದಳು. ನನ್ನ ಒಂದೊಂದು ವಾಕ್ಯವನ್ನೂ ಅರ್ಧ ಮಾಡಿಸಿದಳು. ಎಳನೀರು ಯಾಕೆ ಬೇಡ, ಪಲ್ಯದ ನೀರು ಯಾಕೆ ಚೆಲ್ಲಬೇಕು, ಪೊಟ್ಟಣದ ಬೆನ್ನು ಹೇಗೆ ಓದಬೇಕು ಎಲ್ಲ ಒಂದೇ ಪುಟದಲ್ಲಿ ಬಂತು. ಕೇತಕಿಗೆ ಸಾಲು ಸಾಲಾಗಿ ಹಿಂದಿಯಲ್ಲಿ ಹೇಳಿ ತಿದ್ದಿಸಿಕೊಂಡೆ. ಎರಡು ಕಡೆ ಅಕ್ಕನದೂ ತಪ್ಪಿತ್ತು. ದೊಡ್ಡ ಅಕ್ಷರದಲ್ಲಿ ಬರೆದು ಕೈ ತೊಳೆಯುವ ನಲ್ಲಿಯ ಪಕ್ಕ ಗೋಡೆಗೆ ಅಂಟಿಸಿದೆವು. ನನ್ನ ಹೆಸರನ್ನು ಕೆಳಗೆ ಹಾಕಬೇಕೆನಿಸಲಿಲ್ಲ.

ಹೊರಡುವ ದಿನ ಅಕ್ಕನನ್ನು ಬಿಡಲು ಕೊನೆಯ ಸಲ ಆ ಕೋಣೆಗೆ ಹೋದೆ. ಹಾಳೆಯ ಮುಂದೆ ಒಬ್ಬ ರೈತರು ತಮ್ಮ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅವರು ಸರಿದ ಮೇಲೆ ನೋಡಿದರೆ, ಹಾಳೆಯ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಸೊಟ್ಟಗೆ ಬರೆದಿದ್ದರು: 'ಮೊಸರ ನಡೀತದೇನ್ರಿ?'

ಅಕ್ಕ ನನ್ನ ಜೇಬಿನಿಂದ ಪೆನ್ನು ಎಳೆದುಕೊಂಡಳು. ಅವಳು ಕನ್ನಡ ಬರೆದು ಎಷ್ಟು ವರ್ಷವಾಗಿತ್ತೋ. ಅಕ್ಷರಗಳು ದೊಡ್ಡವು ಸಣ್ಣವು ಆದವು, ಒಂದು ಒತ್ತಕ್ಷರವನ್ನು ಎರಡು ಸಲ ತಿದ್ದಿದಳು. ನರ್ಸ್ ಕರೆಯುತ್ತಿದ್ದರೂ ಮುಗಿಯುವವರೆಗೆ ಗೋಡೆ ಬಿಡಲಿಲ್ಲ. ಅವಳು ಹಾಸಿಗೆಗೆ ಹೋದ ಮೇಲೆ ನಾನು ಹತ್ತಿರ ಹೋಗಿ ಓದಿದೆ:

'ಒಬ್ಬೊಬ್ಬರಿಗೆ ಒಂದೊಂದು ಅಳತಿ ಇರ್ತದ. ಮೇಡಂನ ಕೇಳ್ರಿ. ನಾಚಬ್ಯಾಡ್ರಿ. ನಾನೂ ಕೇಳೇ ಕಲತೆ.'